ಏರಿನಲ್ಲಿ ಹಿಂದೆ ಬಿದ್ದವರು ಸೋತದ್ದು ತಿರುವಿನಲ್ಲಿ

(ರೋಡ್ ರೇಸ್‌ಗೆ ಹೊಸದಾಗಿ ಇಳಿಯುತ್ತಿರುವ ಹವ್ಯಾಸಿ ಸೈಕಲ್ ಸವಾರರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸೀಸನ್ನಿನ ಮೊದಲ ರೇಸ್ ಮುಗಿದ ಮೇಲೆ ಹವ್ಯಾಸಿ ಸವಾರರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ. "ಚಳಿಗಾಲ ಪೂರ್ತಿ ಒಂದು ದಿನ ತಪ್ಪಿಸದೆ ತಯಾರಿ ಮಾಡಿದ್ದೆ. ಆದ್ರೂ ಗುಂಪು ನನ್ನನ್ನ ಬಿಟ್ಟು ಹೋಯ್ತು. ವಿಚಿತ್ರ ಏನಂದ್ರೆ, ಪವರ್ ಮೀಟರ್ ನೋಡಿದ್ರೆ ಸರಾಸರಿ ವಾಟ್ ನಾನು ದಿನಾ ಮಾಡೋದಕ್ಕಿಂತ ಕಡಿಮೆ ಇದೆ!"

ಇದು ನೆಪ ಹೇಳುವ ಮಾತಲ್ಲ. ಪವರ್ ಮೀಟರ್ ಅಂದರೆ ನಾವು ಪೆಡಲ್‌ಗೆ ಎಷ್ಟು ಬಲ ಹಾಕುತ್ತಿದ್ದೇವೆ ಎಂದು ವಾಟ್‌ನಲ್ಲಿ ಅಳೆದು ತೋರಿಸುವ ಸಾಧನ. ಅದು ತೋರಿಸುವ ಆ ಅಂಕಿ ನಿಜವೇ. ಇವತ್ತು ನಾನು ಹೇಳಬೇಕು ಎಂದುಕೊಂಡಿರುವುದೆಲ್ಲ ಈ ಒಂದು ಗೊಂದಲದ ಸುತ್ತಲೇ ಇದೆ. ವರ್ಷದ ಮೊದಲ ರೇಸ್‌ಗಳಲ್ಲಿ ಹಿಂದೆ ಬೀಳುವ ಬಹಳಷ್ಟು ಜನರಿಗೆ ಕಾಲಲ್ಲಿ ಶಕ್ತಿ ಕಡಿಮೆ ಇರುವುದಿಲ್ಲ. ಇದ್ದ ಶಕ್ತಿ ಬೇಡದ ಜಾಗದಲ್ಲಿ ಖರ್ಚಾಗಿರುತ್ತದೆ. ಇದು ತಿಳಿಯದೆ "ರೇಸ್ ನನ್ನಂಥವರಿಗಲ್ಲ" ಎಂದು ರೇಸ್ ಲೈಸೆನ್ಸನ್ನೇ ಬಿಟ್ಟುಕೊಟ್ಟವರನ್ನು ನೋಡಿದ್ದೇನೆ. ಅವರಲ್ಲಿ ಹಲವರು ಆ ಗುಂಪಿನ ಜೊತೆ ಕೊನೆವರೆಗೂ ಹೋಗಬಲ್ಲವರೇ ಆಗಿದ್ದರು. ನನಗೆ ಅದು ನಿಜಕ್ಕೂ ಸಂಕಟದ ವಿಷಯ.

ಮೊದಲು ಗಾಳಿಯ ಲೆಕ್ಕ ನೋಡೋಣ. ಸಮತಟ್ಟು ರಸ್ತೆಯಲ್ಲಿ ಒಬ್ಬರೇ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಬೇಕಾದರೆ ಸುಮಾರು 300 ವಾಟ್ ಬೇಕು. ಇದರಲ್ಲಿ ದೊಡ್ಡ ಪಾಲು ಹೋಗುವುದು ಗಾಳಿಯನ್ನು ಸೀಳುವುದಕ್ಕೆ. ವೇಗ ದುಪ್ಪಟ್ಟಾದರೆ ಗಾಳಿಗೆ ಬೇಕಾಗುವ ಪವರ್ ಎಂಟು ಪಟ್ಟಾಗುತ್ತದೆ. ಹಾಗಾಗಿಯೇ ಇನ್ನೊಬ್ಬರ ಚಕ್ರದ ಹಿಂದೆ ಕೂರುವುದಕ್ಕೆ ಅಷ್ಟು ಬೆಲೆ. 2018ರಲ್ಲಿ ಗಾಳಿಯ ಹರಿವನ್ನು ಅಧ್ಯಯನ ಮಾಡುವ ವಿಜ್ಞಾನಿ ಬರ್ಟ್ ಬ್ಲಾಕನ್ ಮತ್ತು ಅವರ ತಂಡ 121 ಸವಾರರ ಒಂದು ಗುಂಪನ್ನು ಕಂಪ್ಯೂಟರಿನಲ್ಲೂ ಗಾಳಿ ಸುರಂಗದಲ್ಲೂ ಅಳೆದು ನೋಡಿದರು. ಗುಂಪಿನ ನಡುವೆ, ಸ್ವಲ್ಪ ಹಿಂದಕ್ಕೆ ಇರುವವರಿಗೆ ತಟ್ಟುವ ಗಾಳಿಯ ತಡೆ ಒಂಟಿ ಸವಾರನಿಗೆ ತಟ್ಟುವುದರ 5ರಿಂದ 10 ಪರ್ಸೆಂಟ್ ಮಾತ್ರ ಎಂದು ಗೊತ್ತಾಯಿತು. ನಮ್ಮ ಹವ್ಯಾಸಿ ರೇಸ್‌ಗಳಲ್ಲಿ ಗುಂಪು ಅಷ್ಟು ದೊಡ್ಡದಿರುವುದಿಲ್ಲ, ಅಷ್ಟು ಒತ್ತೊತ್ತಾಗಿಯೂ ಇರುವುದಿಲ್ಲ. ಆದರೂ ಉಳಿತಾಯ ದೊಡ್ಡದೇ.

ಹಾಗಾದ್ರೆ ಸುಮ್ನೆ ಹಿಂದೆ ಕೂತರೆ ಆಯ್ತಲ್ವಾ? ಹೊಸಬರು ಬಹುತೇಕ ಹೀಗೇ ಲೆಕ್ಕ ಹಾಕುತ್ತಾರೆ. ನೇರ ರಸ್ತೆಯಲ್ಲಿ ಲೆಕ್ಕ ಸರಿ. ತಿರುವು ಬಂದ ಕೂಡಲೇ ಅದು ತಲೆಕೆಳಗಾಗುತ್ತದೆ.

ಸಿಗ್ನಲ್‌ನಲ್ಲಿ ಸಾಲಾಗಿ ನಿಂತ ಗಾಡಿಗಳನ್ನು ನೆನಪಿಸಿಕೊಳ್ಳಿ. ಹಸಿರು ದೀಪ ಬಿದ್ದಾಗ ಎಲ್ಲ ಗಾಡಿಗಳೂ ಒಟ್ಟಿಗೆ ಹೊರಡುವುದಿಲ್ಲ. ಕೊನೆಯ ಗಾಡಿ ಅಲುಗಾಡುವ ಹೊತ್ತಿಗೆ ಮುಂದಿನದು ಆಗಲೇ ವೇಗ ಹಿಡಿದಿರುತ್ತದೆ. ತಿರುವಿನಲ್ಲಿ ಗುಂಪಿಗೆ ಆಗುವುದೂ ಇದೇ. ಮುಂದಿನ ಐದಾರು ಜನ 35ರ ವೇಗದಲ್ಲಿ, ಬ್ರೇಕ್ ಮುಟ್ಟದೆ, ಅಗಲವಾಗಿ ತಿರುಗಿ ಹೋಗುತ್ತಾರೆ. ಅವರ ಹಿಂದಿನವರು ಸ್ವಲ್ಪ ಬ್ರೇಕ್ ಹಿಡಿಯುತ್ತಾರೆ. ಅವರ ಹಿಂದಿನವರು ಇನ್ನೂ ಜಾಸ್ತಿ. ಕೊನೆಯವರು ಬರುವಷ್ಟರಲ್ಲಿ ಎಲ್ಲರೂ ಒಂದೇ ಜಾಗದಲ್ಲಿ ಒತ್ತಿಕೊಂಡು ವೇಗ 20ಕ್ಕೆ ಇಳಿದಿರುತ್ತದೆ. ಅಷ್ಟು ಹೊತ್ತಿಗೆ ಮುಂದಿನವರು ತಿರುವು ದಾಟಿ 40ಕ್ಕೆ ಏರಿಸಿ ಆಗಿರುತ್ತದೆ.

ಸೈಕಲ್ಲೂ ಸವಾರನೂ ಸೇರಿ 80 ಕಿಲೋ ಎಂದುಕೊಳ್ಳಿ. 35ರಿಂದ 40ಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 1,150 ಜೂಲ್. 20ರಿಂದ 40ಕ್ಕೆ ಏರಿಸಲು ಸುಮಾರು 3,700 ಜೂಲ್. ಅಂದರೆ ಅದೇ ತಿರುವಿಗೆ ಹಿಂದಿನವರು ಮುಂದಿನವರಿಗಿಂತ ಮೂರು ಪಟ್ಟು ಜಾಸ್ತಿ ಕೊಡಬೇಕು. ಈ 3,700 ಜೂಲನ್ನು 10 ಸೆಕೆಂಡಿನಲ್ಲಿ ಹಾಕಬೇಕಾದರೆ, ಸೈಕಲ್ ಸುಮ್ಮನೆ ಓಡುವುದಕ್ಕೆ ಬೇಕಾದ ವಾಟ್ ಬಿಟ್ಟು, ಮೇಲೆ ಇನ್ನೂ 370 ವಾಟ್ ಬೇಕು. ಒಂದು ಸುತ್ತಿಗೆ ಆರು ತಿರುವು, ಒಟ್ಟು ಹತ್ತು ಸುತ್ತು ಇದ್ದರೆ ಇಂಥ 60 ಸ್ಪ್ರಿಂಟ್. ಬಾಲದಲ್ಲಿ ಆರಾಮಾಗಿ ಕೂತಿದ್ದೇನೆ ಅಂದುಕೊಂಡವರು ನಿಜಕ್ಕೂ ಮಾಡುತ್ತಿರುವುದು ಇದನ್ನು.

ಈಗ ಆ ಸರಾಸರಿ ವಾಟ್‌ಗೆ ಬನ್ನಿ. ತಿರುವಿಗೆ ಮುಂಚೆ ಬ್ರೇಕ್ ಹಿಡಿದಾಗ ಪೆಡಲ್ ನಿಂತಿರುತ್ತದೆ, ವಾಟ್ ಸೊನ್ನೆ. ದಾಟಿದ ಮೇಲೆ 600. ಆಮೇಲೆ ಗುಂಪಿನ ಮರೆಯಲ್ಲಿ 150. ಇವನ್ನೆಲ್ಲ ಕೂಡಿ ಭಾಗಿಸಿದರೆ ಬರುವುದು ಸಾಧಾರಣವಾದ ಒಂದು ಸಂಖ್ಯೆ. ಸೊನ್ನೆಯೂ ಆರುನೂರೂ ಅದರಲ್ಲಿ ಕಾಣುವುದಿಲ್ಲ. ಆದರೆ ಸ್ನಾಯುವಿಗೆ ಅವೆರಡೂ ಬೇರೆ ಬೇರೆಯೇ. ಸಹಿಸಬಲ್ಲ ಮಟ್ಟ ದಾಟಿದ ಪ್ರತಿ ಎಳೆತವೂ ದೇಹದ ಒಂದು ಸಣ್ಣ ಮೀಸಲು ಖಾತೆಯಿಂದ ಬರುತ್ತದೆ. ಅದು ಬೇಗ ಖಾಲಿಯಾಗುತ್ತದೆ, ನಿಧಾನಕ್ಕೆ ತುಂಬುತ್ತದೆ. ನಾರ್ಮಲೈಸ್ಡ್ ಪವರ್ ಎಂಬ ಲೆಕ್ಕ ಹುಟ್ಟಿದ್ದು ಇದಕ್ಕೇ. ಅದರಲ್ಲಿ 30 ಸೆಕೆಂಡಿನ ಸರಾಸರಿಗಳನ್ನು ನಾಲ್ಕನೇ ಘಾತಕ್ಕೆ ಏರಿಸಿ ಲೆಕ್ಕ ಹಾಕುತ್ತಾರೆ. ಹಾಗಾಗಿ ಜೋರಾದ ಎಳೆತಗಳಿಗೆ ಜಾಸ್ತಿ ತೂಕ ಸಿಗುತ್ತದೆ. ನಿಮ್ಮ ರೇಸಿನ ಫೈಲಿನಲ್ಲಿ ಸರಾಸರಿ ಒಂದು ಕಡೆ, ನಾರ್ಮಲೈಸ್ಡ್ ಇನ್ನೊಂದು ಕಡೆ ದೂರ ನಿಂತಿದ್ದರೆ, ದಿನವಿಡೀ ಎಲ್ಲಿ ಕೂತಿದ್ದಿರಿ ಎಂದು ಅದೇ ಹೇಳುತ್ತದೆ.

ಇಷ್ಟೆಲ್ಲ ಆದ ಮೇಲೆ ಏರು ಬರುತ್ತದೆ. ಅಲ್ಲಿ ಗುಂಪು ಸ್ವಲ್ಪ ಜೋರು ಮಾಡುತ್ತದೆ, ಖಾತೆ ಖಾಲಿಯಾದವರು ಹಿಂದೆ ಬೀಳುತ್ತಾರೆ. ಮನೆಗೆ ಬಂದು "ನನಗೆ ಏರು ಆಗಲ್ಲ" ಎನ್ನುತ್ತಾರೆ. ಮುಂದಿನ ಒಂದು ತಿಂಗಳು ಪಾಪ ಏರನ್ನೇ ಹತ್ತಿ ಹತ್ತಿ ಅಭ್ಯಾಸ ಮಾಡುತ್ತಾರೆ. ಹಿಂದೆ ಬಿದ್ದ ಜಾಗ ಬೇರೆ, ಅದಕ್ಕೆ ಕಾರಣ ಇದ್ದ ಜಾಗ ಬೇರೆ.

ಏರಿನ ವಿಷಯದಲ್ಲಿ ಇನ್ನೊಂದು ಮಾತು. ಬುಡದಲ್ಲೇ ನೀವು ಮೊದಲ ಹತ್ತರಲ್ಲಿ ಇದ್ದರೆ, ಏರುತ್ತಾ ಏರುತ್ತಾ ಇಪ್ಪತ್ತು ಸ್ಥಾನ ಹಿಂದೆ ಜಾರಿದರೂ ತುದಿ ತಲುಪುವಾಗ ಗುಂಪಿನೊಳಗೇ ಇರುತ್ತೀರಿ. ಬುಡದಲ್ಲಿ ಕೊನೆಯವರಾಗಿದ್ದರೆ ಒಂದೇ ಒಂದು ಸ್ಥಾನ ಜಾರಿದರೂ ಒಂಟಿ. ಅದೇ ಕಾಲು, ಅದೇ ವಾಟ್, ಫಲಿತಾಂಶ ಮಾತ್ರ ಬೇರೆ. ಭಾರ ಜಾಸ್ತಿ ಇರುವ, ಏರಿನಲ್ಲಿ ನಿಧಾನ ಇರುವ ಸವಾರರು ಇದೊಂದು ವಿಷಯವನ್ನು ಎಂದೂ ಮರೆಯಬಾರದು.

ಇದೆಲ್ಲ ವರ್ಷವಿಡೀ ನಿಜವೇ ಅಲ್ವಾ, ಸೀಸನ್ನಿನ ಶುರುವಿನಲ್ಲೇ ಯಾಕೆ ಇಷ್ಟು ಕಷ್ಟ? ಒಂದು ಕಾರಣ ಚಳಿಗಾಲದ ತಯಾರಿಯೇ. ಮನೆಯೊಳಗೆ ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಳಸುವ ಟ್ರೈನರ್ ಎಂಬ ಸಾಧನದ ಮೇಲೆ ಹೃದಯ, ಶ್ವಾಸಕೋಶ, ಕಾಲು ಚೆನ್ನಾಗಿಯೇ ಗಟ್ಟಿಯಾಗುತ್ತವೆ. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಟ್ರೈನರ್‌ನಲ್ಲಿ ತಿರುವಿಲ್ಲ, ಬ್ರೇಕ್ ಇಲ್ಲ, ಪಕ್ಕದಲ್ಲಿ ಮೊಣಕೈ ತಾಗಿಸುವ ಇನ್ನೊಬ್ಬರಿಲ್ಲ. ತಿಂಗಳುಗಟ್ಟಲೆ ಒಂದೇ ಸಮನೆ ತುಳಿದ ಕಾಲಿಗೆ, ಪೆಡಲ್ ನಿಲ್ಲಿಸಿ ಮರುಕ್ಷಣವೇ ಎದ್ದು ಎಳೆಯುವ ಕೆಲಸ ಹೊಸದು. ಮೊದಲ ರೇಸಿಗೆ ಎರಡು ಮೂರು ವಾರ ಇದೆ ಎನ್ನುವಾಗಲಾದರೂ ಹೊರಗೆ ಬನ್ನಿ. ನಾಲ್ಕು ಜನ ಸೇರಿ ಹತ್ತಿರ ಹತ್ತಿರ ಸವಾರಿ ಮಾಡಿ. ಖಾಲಿ ಜಾಗ ಸಿಕ್ಕರೆ ತಿರುವು ಅಭ್ಯಾಸ ಮಾಡಿ. ಒಳಗೇ ಮಾಡಬೇಕೆಂದರೆ 15 ಸೆಕೆಂಡ್ ಜೋರು, 15 ಸೆಕೆಂಡ್ ಸಡಿಲ ಎಂದು ಹತ್ತು ನಿಮಿಷ ಮಾಡಿ ನೋಡಿ. ಗುಂಪಿನ ಬಾಲದಲ್ಲಿ ಏನಾಗುತ್ತದೆ ಎಂದು ಕಾಲಿಗೇ ಅರ್ಥವಾಗುತ್ತದೆ.

ಇನ್ನೊಂದು ಕಾರಣ ಹವೆ. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ. 25 ಡಿಗ್ರಿಯ ಗಾಳಿಗೆ ಹೋಲಿಸಿದರೆ 5 ಡಿಗ್ರಿಯ ಗಾಳಿ ಸುಮಾರು 7 ಪರ್ಸೆಂಟ್ ಹೆಚ್ಚು ದಟ್ಟ. ಅಷ್ಟೇ ವಾಟ್ ಹಾಕಿದರೂ ಬೇಸಿಗೆಯ ವೇಗ ಬರುವುದಿಲ್ಲ. ಒಂಟಿಯಾಗಿ ಗಾಳಿಗೆ ಸಿಕ್ಕಿಕೊಂಡವರಿಗೆ ಅದರ ಬಿಸಿ ಇನ್ನೂ ಜಾಸ್ತಿ ತಟ್ಟುತ್ತದೆ.

ಆಮೇಲೆ ಅಡ್ಡಗಾಳಿ. ಗಾಳಿ ಎದುರಿಂದ ಬಂದರೆ ಮರೆ ಇರುವುದು ಮುಂದಿನವರ ಹಿಂದೆ. ಪಕ್ಕದಿಂದ ಬಂದರೆ ಮರೆಯೂ ಪಕ್ಕಕ್ಕೆ ಸರಿಯುತ್ತದೆ. ಆಗ ಸವಾರರು ರಸ್ತೆಗೆ ಓರೆಯಾಗಿ ಸಾಲು ಕಟ್ಟುತ್ತಾರೆ. ರಸ್ತೆಯ ಅಗಲ ಎಷ್ಟೋ ಅಷ್ಟೇ ಜನರಿಗೆ ಆ ಸಾಲಿನಲ್ಲಿ ಜಾಗ. ಉಳಿದವರೆಲ್ಲ ರಸ್ತೆಯ ಅಂಚಿನಲ್ಲಿ ಒಬ್ಬರ ಹಿಂದೊಬ್ಬರು, ಮರೆಯೇ ಇಲ್ಲದೆ ಎಳೆಯಬೇಕು. ಮಾರ್ಚ್‌ನಲ್ಲಿ ಫ್ರಾನ್ಸಿನಲ್ಲಿ ನಡೆಯುವ ಪ್ಯಾರಿಸ್-ನೀಸ್ ರೇಸ್‌ನ ಮೊದಲ ದಿನಗಳ ಬಯಲು ರಸ್ತೆಗಳಲ್ಲಿ ವೃತ್ತಿಪರರ ಗುಂಪೇ ಹೀಗೆ ತುಂಡು ತುಂಡಾಗುತ್ತದೆ. ಗೆಲ್ಲಬಲ್ಲವರೂ ಅಲ್ಲಿ ಹಿಂದೆ ಉಳಿದು ಹೋಗಿದ್ದಾರೆ. ಅಂಚಿನಲ್ಲಿ ಸಿಕ್ಕಿಬಿದ್ದಾಗ ಮುಂದಿನ ಚಕ್ರಕ್ಕೆ ಜೋತುಬಿದ್ದು ಪ್ರಯೋಜನವಿಲ್ಲ. ಪಕ್ಕದ ಹತ್ತು ಜನರನ್ನು ಕೂಗಿ ಕರೆದು ಎರಡನೇ ಓರೆ ಸಾಲು ಕಟ್ಟುವುದೇ ದಾರಿ. ಹವ್ಯಾಸಿಗಳು ಇದನ್ನು ಮಾಡುವುದು ಕಡಿಮೆ, ಕೂಗಲು ಸಂಕೋಚ. ದಯವಿಟ್ಟು ಕೂಗಿ.

ಗುಂಪು ಕೈಬಿಡುವ ಆ ಕ್ಷಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಿಮ್ಮ ಮುಂದಿನ ಸವಾರನ ಹಿಂದಿನ ಚಕ್ರಕ್ಕೂ ನಿಮ್ಮ ಮುಂದಿನ ಚಕ್ರಕ್ಕೂ ನಡುವೆ ಅರ್ಧ ಮೀಟರ್ ಇದೆ. ತಿರುವು ದಾಟಿದ ಮೇಲೆ ಅದು ಎರಡು ಮೀಟರ್ ಆಗುತ್ತದೆ. ಉಸಿರು ಏರಿದೆ, "ಸ್ವಲ್ಪ ಸುಧಾರಿಸಿಕೊಂಡು ಹಿಡಿಯೋಣ" ಅನಿಸುತ್ತದೆ. ಎರಡು ಐದಾಗುತ್ತದೆ. ಐದು ಮೀಟರ್‌ನಲ್ಲಿ ಮರೆ ಆಗಲೇ ತೆಳುವಾಗಿರುತ್ತದೆ, ಗಾಳಿಯ ಸದ್ದು ಕಿವಿಗೆ ಬದಲಾಗುತ್ತದೆ. ಹತ್ತಾಗುವಷ್ಟರಲ್ಲಿ ಗುಂಪಿನ ವೇಗ ಹಿಡಿದುಕೊಳ್ಳಲು ಅದರೊಳಗಿರುವವರಿಗಿಂತ ನೂರು ವಾಟ್ ಜಾಸ್ತಿ ಬೇಕಾಗಬಹುದು. ಸುಧಾರಿಸಿಕೊಳ್ಳುವುದು ಎಲ್ಲಿಂದ ಬಂತು? ಎರಡು ಮೀಟರ್ ಇದ್ದಾಗ ಐದಾರು ಸೆಕೆಂಡ್ ಹಲ್ಲು ಕಚ್ಚಿ ತುಳಿದಿದ್ದರೆ ಮುಗಿಯುತ್ತಿತ್ತು. ಸುಧಾರಿಸಿಕೊಳ್ಳುವುದು ಯಾವಾಗಲೂ ಚಕ್ರ ಹಿಡಿದ ಮೇಲೆ.

ಕೆಲವು ಸಲ ಅಂತರ ಬಿಡುವುದು ನೀವಲ್ಲ, ನಿಮ್ಮ ಮುಂದಿನವರು. ಅವರ ಭುಜ ಅಲುಗಾಡುತ್ತಿದೆ, ತಲೆ ಕೆಳಗೆ ಹೋಗಿದೆ, ಪ್ರತಿ ತಿರುವಿನಲ್ಲೂ ಅಂತರ ಬಿಡುತ್ತಿದ್ದಾರೆ. ಅಂಥವರ ಹಿಂದೆ ಕೂರಬೇಡಿ. ಅವರು ಹಿಂದೆ ಬಿದ್ದರೆ ನೀವೂ ಜೊತೆಗೆ ಹೋಗುತ್ತೀರಿ. ಯಾರ ಚಕ್ರ ಹಿಡಿಯಬೇಕು ಎಂಬುದು ರೇಸಿನ ಅರ್ಧ ವಿದ್ಯೆ.

ಚಳಿಯ ಬಗ್ಗೆ ಎರಡು ಮಾತು. ಇಟಲಿಯ ಮಿಲಾನ್-ಸ್ಯಾನ್ ರೆಮೋ ರೇಸ್ 1910ರಲ್ಲಿ ಹಿಮದಲ್ಲಿ ನಡೆಯಿತು. ಗೆದ್ದ ಯುಜೀನ್ ಕ್ರಿಸ್ಟೋಫ್ ದಾರಿಯಲ್ಲಿ ಒಂದು ವಸತಿ ಮನೆಗೆ ಹೋಗಿ ಮೈ ಕಾಯಿಸಿಕೊಂಡು, ಬಟ್ಟೆ ಬದಲಿಸಿ ಮತ್ತೆ ಸೈಕಲ್ ಹತ್ತಿದವರು. ಗುರಿ ಮುಟ್ಟಲು 12 ಗಂಟೆಗೂ ಮೇಲೆ ಹಿಡಿಯಿತು. ಕೊನೆಗೆ ಫಲಿತಾಂಶ ಪಟ್ಟಿಯಲ್ಲಿ ಉಳಿದದ್ದು ನಾಲ್ಕೇ ಜನ. ಬೆಲ್ಜಿಯಂನಲ್ಲಿ 1980ರ ಲೀಜ್-ಬಾಸ್ಟೋನ್-ಲೀಜ್ ರೇಸ್ ಏಪ್ರಿಲ್‌ನಲ್ಲೇ ನಡೆದರೂ ಹಿಮ ಬಿತ್ತು. ಹೊರಟ 174 ಜನರಲ್ಲಿ ಮುಗಿಸಿದ್ದು 21 ಜನ. ಫ್ರಾನ್ಸಿನ ಸವಾರ ಬರ್ನಾರ್ಡ್ ಹಿನೋ ಒಂಬತ್ತು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದರು, ಆದರೆ ಅವರ ಎರಡು ಬೆರಳುಗಳ ಸ್ಪರ್ಶ ಪೂರ್ತಿ ಮರಳಲೇ ಇಲ್ಲ. ಈ ಕಥೆಗಳನ್ನು ಕೇಳಿ ರೋಮಾಂಚನ ಆಗುತ್ತದೆ, ನನಗೂ ಆಗುತ್ತದೆ. ಆದರೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ನಾವು ಇವುಗಳಿಂದ ಕಲಿಯಬೇಕಾದ್ದು ಬೆರಳು ಉಳಿಸಿಕೊಳ್ಳುವುದನ್ನು.

ಬೆರಳು ಮರಗಟ್ಟಿದರೆ ಹೋಗುವುದು ಸುಖ ಒಂದೇ ಅಲ್ಲ. ಬ್ರೇಕ್ ಎಷ್ಟು ಒತ್ತಿದ್ದೀರಿ ಎಂಬುದು ತಿಳಿಯುವುದಿಲ್ಲ. ಗೇರ್ ಬೀಳುವುದಿಲ್ಲ. ಜೇಬಿನಿಂದ ತಿಂಡಿ ತೆಗೆದರೂ ಅದರ ಹೊದಿಕೆ ಹರಿಯಲು ಬರುವುದಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾ, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಗುಂಪಿನ ನಡುವೆ ತೂರಾಡುವವರನ್ನು ಮೊದಲ ರೇಸ್‌ಗಳಲ್ಲಿ ಎಷ್ಟು ಬೇಕಾದರೂ ನೋಡಬಹುದು. ಹೊರಡುವ ಮುಂಚೆಯೇ ಹೊದಿಕೆಯ ಒಂದು ಮೂಲೆಯನ್ನು ಅರ್ಧ ಹರಿದು ಇಟ್ಟುಕೊಳ್ಳಿ. ದಪ್ಪ ಗ್ಲೌಸ್ ಹಾಕಿಕೊಂಡೇ ಜೇಬಿನಿಂದ ತೆಗೆಯುವ ಅಭ್ಯಾಸ ಮಾಡಿ. ಮಂಡಿ ಮುಚ್ಚಿರಲಿ. ಬೆನ್ನ ಮೇಲಿನ ರೇಸ್ ನಂಬರ್ ಪಟಪಟ ಹೊಡೆದುಕೊಳ್ಳದಂತೆ, ಜರ್ಸಿ ತೊಟ್ಟ ಮೇಲೆ ಬೆನ್ನು ಬಗ್ಗಿಸಿ ನಿಂತು ಬೇರೆಯವರ ಕೈಯಲ್ಲಿ ಪಿನ್ ಹಾಕಿಸಿಕೊಳ್ಳಿ. ನಿಂತ ಭಂಗಿಯಲ್ಲಿ ಸರಿಯಾಗಿ ಕೂತ ನಂಬರ್, ಸೈಕಲ್ ಮೇಲೆ ಬಗ್ಗಿದಾಗ ಉಬ್ಬಿಕೊಂಡು ಗಾಳಿ ಹಿಡಿಯುತ್ತದೆ.

ತಿನ್ನುವುದನ್ನು ಮೊದಲ ಅರ್ಧ ಗಂಟೆಯಲ್ಲೇ ಶುರು ಮಾಡಿ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಎಂಬ ಲೆಕ್ಕ ಬಹುತೇಕರಿಗೆ ಒಗ್ಗುತ್ತದೆ, ಹೊಟ್ಟೆಗೆ ಅಭ್ಯಾಸ ಇದ್ದವರು 90ರವರೆಗೂ ಹೋಗುತ್ತಾರೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ನೀರು ಬೇಕು.

ಬೀಳುವುದರ ಬಗ್ಗೆಯೂ ಹೇಳಲೇಬೇಕು. ಸೀಸನ್ನಿನ ಶುರುವಿನಲ್ಲಿ ಎಲ್ಲರಿಗೂ ಉತ್ಸಾಹ, ಎಲ್ಲರಿಗೂ ಮುಂದಿರುವ ಆಸೆ, ಯಾರಿಗೂ ಗುಂಪಿನ ಅಭ್ಯಾಸ ಇಲ್ಲ. ನಿಮ್ಮ ಮುಂದಿನ ಚಕ್ರ ಇನ್ನೊಬ್ಬರ ಹಿಂದಿನ ಚಕ್ರದ ಪಕ್ಕಕ್ಕೆ ಬಂದು, ಅವರು ಸ್ವಲ್ಪ ಸರಿದರೂ ಬೀಳುವುದು ಹಿಂದಿನವರೇ, ಅಂದರೆ ನೀವು. ಆ ಜಾಗದಲ್ಲಿ ಚಕ್ರ ಇಡಬೇಡಿ. ಮುಂದಿನ ಟೈರನ್ನೇ ದಿಟ್ಟಿಸುವ ಬದಲು ನಾಲ್ಕೈದು ಜನರಾಚೆ ನೋಡಿ. ಮಳೆ ಬಂದಿದ್ದರೆ ರಸ್ತೆಯ ಬಿಳಿ ಬಣ್ಣದ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ ಎರಡೂ ಜಾರುತ್ತವೆ. ಟೈರಿನ ಗಾಳಿ ಒಂದಿಷ್ಟು ಕಡಿಮೆ ಇರಲಿ. ತಲೆಗೆ ಪೆಟ್ಟು ಬಿದ್ದರೆ ರೇಸ್ ಅಲ್ಲಿಗೆ ಮುಗಿಯಿತು. ಎದ್ದು ಓಡಿಸುವ ಹಟ ಬೇಡ. ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಬದಲಿಸಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

"ಮುಂದೆ ಇರಿ ಅಂತೀರಿ, ಆದ್ರೆ ಮುಂದೆ ಹೋಗೋದು ಹೇಗೆ? ಜಾಗವೇ ಸಿಗಲ್ಲವಲ್ಲ" ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಗುಂಪು ಜೋರಾಗಿ ಹೋಗುತ್ತಿರುವಾಗ ಮುಂದೆ ಹೋಗಲು ಹೊರಟರೆ ಶಕ್ತಿ ಸುಡುತ್ತದೆ, ಅಷ್ಟೇ. ಮುಂದಿನವರು ಸುಸ್ತಾಗಿ ವೇಗ ಇಳಿಸಿದಾಗ ಗುಂಪು ಅಗಲವಾಗುತ್ತದೆ, ಎಲ್ಲರೂ ಉಸಿರು ಬಿಡುತ್ತಾರೆ, ನೀರು ಕುಡಿಯುತ್ತಾರೆ. ನೀವು ಮುಂದೆ ಹೋಗಬೇಕಾದ್ದು ಆಗ. ಅಂಚಿನಲ್ಲಿ ಯಾರಾದರೂ ಮುಂದೆ ಸಾಗುತ್ತಿದ್ದರೆ ಅವರ ಚಕ್ರ ಹಿಡಿದರೆ ಗಾಳಿಯೂ ತಪ್ಪುತ್ತದೆ. ತೀರಾ ಮೊದಲ ಸಾಲು ಬೇಡ, ಅಲ್ಲಿ ಗಾಳಿ ಪೂರ್ತಿ ನಿಮ್ಮದೇ. ಮೊದಲ ಮೂರನೇ ಒಂದು ಭಾಗದಲ್ಲಿ ಇದ್ದರೆ ಸಾಕು. ಅಲ್ಲೂ ಸುಮ್ನೆ ಕೂತರೆ ಪಕ್ಕದಿಂದ ಬೇರೆಯವರು ಬಂದು ತುಂಬಿಕೊಳ್ಳುತ್ತಾರೆ, ಐದು ನಿಮಿಷದಲ್ಲಿ ನೀವು ಬಾಲದಲ್ಲಿ ಇರುತ್ತೀರಿ. ಇದು ಒಂದು ಸಲ ಮಾಡಿ ಮುಗಿಸುವ ಕೆಲಸವಲ್ಲ, ರೇಸ್ ಪೂರ್ತಿ ಮಾಡುತ್ತಲೇ ಇರಬೇಕಾದ್ದು.

ಇನ್ನೊಬ್ಬರು, ಮೊದಲ ರೇಸಿನಲ್ಲಿ ಹಿಂದೆ ಬಿದ್ದವರು, ಕೇಳಿದ್ದು: "ಗುಂಪು ಹೋದ ಮೇಲೆ ನಾನು ಏನು ಮಾಡಬೇಕಿತ್ತು? ನಿಲ್ಲಿಸಿಬಿಡೋದೇ ವಾಸಿಯಾ?" ನಿಲ್ಲಿಸಬೇಡಿ, ಸಂಘಟಕರು ಹೊರಗೆ ಕರೆಯುವವರೆಗೂ. ಹಿಂದೆ ಬಿದ್ದವರು ನೀವೊಬ್ಬರೇ ಆಗಿರುವುದಿಲ್ಲ. ಹಿಂದಿನಿಂದ ಬರುವ ಇಬ್ಬರು ಮೂವರಿಗೆ ಕಾಯಿರಿ, ಸೇರಿಕೊಂಡು ಸರದಿಯ ಮೇಲೆ ಎಳೆಯಿರಿ. ಅಲ್ಲಿ ಒತ್ತಡ ಕಡಿಮೆ, ಆದರೆ ತಿರುವು ಅವೇ, ಗಾಳಿ ಅದೇ. ಗುಂಪಿನಲ್ಲಿ ಸವಾರಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಮತ್ತೆ ಮುಂದಿನ ರೇಸ್‌ಗೆ ಹೆಸರು ಕೊಡುವಾಗ ದರ್ಜೆಯನ್ನು ಸರಿಯಾಗಿ ನೋಡಿ. ಬ್ರಿಟನ್‌ನಂಥ ಕಡೆ ಹೊಸಬರು 4ನೇ ದರ್ಜೆಯಲ್ಲಿ ಶುರು ಮಾಡಿ, ರೇಸ್‌ಗಳಲ್ಲಿ 12 ಪಾಯಿಂಟ್ ಕೂಡಿಸಿದ ಮೇಲೆ 3ನೇ ದರ್ಜೆಗೆ ಏರುತ್ತಾರೆ. ಆದರೆ ಎರಡೂ ದರ್ಜೆಯವರನ್ನು ಒಟ್ಟಿಗೆ ಬಿಡುವ ರೇಸ್‌ಗಳೂ ಇರುತ್ತವೆ. ಅವುಗಳಲ್ಲಿ ಹಳಬರು ತಿರುವಿಗೆ ಮುಂಚೆಯೇ ಮುಂದಿನ ಜಾಗವನ್ನೆಲ್ಲ ಹಿಡಿದಿರುತ್ತಾರೆ. ಹೊಸಬರಿಗೇ ಮೀಸಲಾದ ರೇಸ್ ಸಿಕ್ಕರೆ ಮೊದಲು ಅದಕ್ಕೆ ಹೋಗಿ. ಹಿಂದಿನ ಸಲ ಓಡಿಸಿದ ಸುತ್ತೇ ಆದರೆ ಇನ್ನೂ ವಾಸಿ. ಯಾವ ತಿರುವಿನಲ್ಲಿ ಗುಂಪು ಒತ್ತಿಕೊಳ್ಳುತ್ತದೆ, ಯಾವ ನೇರ ದಾರಿಯಲ್ಲಿ ಗಾಳಿ ಪಕ್ಕದಿಂದ ಬೀಸುತ್ತದೆ ಎಂದು ನಿಮಗೆ ಆಗಲೇ ಗೊತ್ತಿರುತ್ತದೆ, ಅದಕ್ಕೆ ಒಂದು ಕಿಲೋಮೀಟರ್ ಮುಂಚೆಯೇ ಗುಂಪಿನ ಮುಂಭಾಗಕ್ಕೆ ಸರಿಯಲು ಶುರು ಮಾಡಬಹುದು.